ನಾನು ಬದಲಿಸಿದ ಸಾಲು

ಹೋದ ತಿಂಗಳು ಡಿ.ಸಿ. ಆಫೀಸಿನಲ್ಲಿ ಒಂದು ಕೆಲಸವಿತ್ತೆಂದು ಕೋಲಾರಕ್ಕೆ ಹೋಗಿದ್ದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಮಧ್ಯಾಹ್ನದ ಮೇಲೆ ಬನ್ನಿ ಎಂದರು. ಹೊತ್ತು ಕಳೆಯಬೇಕಲ್ಲ, ಬಸ್‌ಸ್ಟಾಂಡಿನ ಹತ್ತಿರ ಹೊಸದಾಗಿ ತೆರೆದಿದ್ದ ಒಂದು ಸಾವಯವ ಅಂಗಡಿಯೊಳಕ್ಕೆ ಹೋದೆ. ಸಿರಿಧಾನ್ಯ, ಗಾಣದೆಣ್ಣೆ, ಬೆಲ್ಲದಪುಡಿಗಳ ನಡುವೆ ಒಂದು ಗಾಜಿನ ಭರಣಿ ಕಂಡಿತು. ಅದರ ತುಂಬ ಒಣಗಿಸಿದ ಕಡುಗೆಂಪು ಸಿಪ್ಪೆ. ಇದೇನಪ್ಪ ಎಂದು ಕೇಳಿದ್ದಕ್ಕೆ ಅಂಗಡಿಯವನು, 'ಹರ್ಬಲ್ ಟೀ ಮೇಡಂ, ಬಿ.ಪಿ.ಗೆ ಒಳ್ಳೇದು' ಎಂದು ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದ.

ಹುಳಿ ವಾಸನೆ, ಅದರ ಹಿಂದೆ ಬಿಸಿಲಿಗೆ ಕಾದ ಮಾಳಿಗೆಯ ವಾಸನೆ... ನಿಂತಲ್ಲೇ ಕಣ್ಣು ತುಂಬಿಬಿಟ್ಟಿತು. ಅಂಗಡಿಯವನು ಪಾಪ ಗಾಬರಿಯಾಗಿ, ಅಲರ್ಜಿನಾ ಮೇಡಂ ಎಂದ. ಹೌದಪ್ಪ ಎಂದುಬಿಟ್ಟೆ. ಅದು ನಮ್ಮ ಕೆಂಪು ಗೋಂಗೂರದ ಕಾಯಿಯ ಸಿಪ್ಪೆ. ನಾವು ಎಲೆ ಕಿತ್ತು ಚಟ್ನಿ, ಬೇಳೆ ಹಾಕಿ ಪಪ್ಪು ಮಾಡಿಕೊಂಡು, ಕಾಯಿಯನ್ನು ಬೀಜಕ್ಕೆಂದು ಗಿಡದಲ್ಲೇ ಬಿಡುವವರು. ಆ ಸಿಪ್ಪೆಯನ್ನು ಕುದಿಸಿ ಕುಡಿಯಬಹುದೆಂದು ಮುಳಬಾಗಿಲಿನ ನಮ್ಮ ಬೀದಿಗೆ ತೋರಿಸಿಕೊಟ್ಟವರು ಒಬ್ಬರೇ ಒಬ್ಬರು. ಅವರನ್ನು ನಾವೆಲ್ಲ ದೊರಸಾನಮ್ಮ ಎನ್ನುತ್ತಿದ್ದೆವು.

ಆ ಹೆಸರು ಬಂದದ್ದೇ ಒಂದು ತಪ್ಪಿನಿಂದ.

ನಮ್ಮ ಪಕ್ಕದ ಮನೆಯ ಅಜ್ಜಿಗೆ ಇಬ್ಬರು ಗಂಡುಮಕ್ಕಳು. ಚಿಕ್ಕವರನ್ನು ನಾನು ಅಣ್ಣ ಎನ್ನುತ್ತಿದ್ದೆ. ನಂಗಲಿ ಕಡೆಯ ಜಮೀನಿನಲ್ಲಿ ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳು ಸಾಕಿಕೊಂಡು ತಾಯಿಯ ಜೊತೆಗಿದ್ದರು. ದೊಡ್ಡವರು ನಾನು ಹುಟ್ಟುವುದಕ್ಕೂ ಮುಂಚೆ ಲಂಡನ್ನಿಗೆ ಹೋಗಿ ಅಲ್ಲಿ ಬಸ್ ಕಂಡಕ್ಟರಾದವರು. ಮದುವೆಯಾಗಿದ್ದೇನೆ, ಹುಡುಗಿ ಇಲ್ಲಿಯವಳೇ, ಆಸ್ಪತ್ರೆಯಲ್ಲಿ ನರ್ಸು ಎಂದು ಒಂದು ಕಾಗದ ಬರೆದಿದ್ದರಂತೆ. ಫೋಟೋ ಇರಲಿಲ್ಲ. ಅಜ್ಜಿ ಮೊದಲ ಒಂದು ವರ್ಷ ಅತ್ತರು, ಆಮೇಲಿನ ಮೂವತ್ತೈದು ವರ್ಷ ಜಂಬ ಪಟ್ಟರು. ದೊರಸಾನಿಯೆಂದರೆ ನಮ್ಮ ಕಡೆ ಬಿಳಿಯರ ಹೆಂಗಸು. ಅಜ್ಜಿ ಚಿಕ್ಕಂದಿನಲ್ಲಿ ಚಿನ್ನದ ಗಣಿಯ ಬಂಗಲೆಗಳ ಮುಂದೆ ಟೋಪಿ ಹಾಕಿಕೊಂಡು ಓಡಾಡುತ್ತಿದ್ದ ದೊರಸಾನಿಯರನ್ನು ನೋಡಿದ್ದವರು. 'ನನ್ನ ಸೊಸೆ ದೊರಸಾನಿ' ಎಂಬ ಮಾತಿಲ್ಲದೆ ಅವರ ಬಾಯಲ್ಲಿ ಯಾವ ಸುದ್ದಿಯೂ ಮುಗಿಯುತ್ತಿರಲಿಲ್ಲ. ದೊಡ್ಡ ಮಗ ನಡುವೆ ಎರಡು ಸಲ ಒಬ್ಬರೇ ಬಂದುಹೋದರು. ತಾಯಿಯ ಜಂಬವನ್ನು ಮುರಿಯಲು ಅವರಿಗೂ ಮನಸ್ಸಾಗಲಿಲ್ಲವೆಂದು ಕಾಣುತ್ತದೆ.

ಅವರು ಅಲ್ಲೇ ತೀರಿಕೊಂಡರು. ಹೆಂಡತಿ ಬೂದಿ ತರುತ್ತಾರೆಂದು ಫೋನು ಬಂತು. ದುಃಖ ಇತ್ತು, ಇಲ್ಲವೆನ್ನುವುದಿಲ್ಲ, ಆದರೆ ಆವತ್ತು ನಮ್ಮ ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿದ್ದದ್ದು ದೊರಸಾನಿಯನ್ನು ನೋಡಲಿಕ್ಕೆ. ಟ್ಯಾಕ್ಸಿ ನಿಂತಿತು. ಎತ್ತರದ, ಕಪ್ಪನೆಯ, ನೆರೆತ ಗುಂಗುರು ಕೂದಲಿನ ಒಬ್ಬ ಹೆಂಗಸು ಎದೆಗೆ ಒಂದು ಪೆಟ್ಟಿಗೆ ಅವಚಿಕೊಂಡು ಇಳಿದರು. ಕೆಲಸದಾಕೆಯನ್ನೂ ಜೊತೆಗೆ ಕರೆತಂದಿದ್ದಾರೆ ಎಂದುಕೊಂಡೆವು. ಎಲ್ಲರ ಕತ್ತೂ ಕಾರಿನೊಳಕ್ಕೆ ಬಾಗಿತು. ನಾನು ತಾಲ್ಲೂಕು ಆಫೀಸಿನ ಮುಂದೆ ಜಾಬ್ ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದವಳು, ಇಂಗ್ಲಿಷ್ ಟೈಪಿಂಗಿನಲ್ಲಿ ಸೀನಿಯರ್ ಪಾಸು. ಬೀದಿಯಲ್ಲಿ ಇಂಗ್ಲಿಷ್ ಬರುವವಳು ನಾನೊಬ್ಬಳೇ ಎಂಬ ಗತ್ತಿನಲ್ಲಿ ಮುಂದೆ ಹೋಗಿ ಅವರನ್ನೇ ಕೇಳಿದೆ, ಮೇಡಂ ಎಲ್ಲಿ ಎಂದು.

ಅವರು ನನ್ನನ್ನು ಒಂದು ಗಳಿಗೆ ನೋಡಿ, 'ಮೇಡಂ ನಾನೇ ಇರಬೇಕು' ಎಂದರು.

ಅಜ್ಜಿಗೆ ಕಣ್ಣಿಗೆ ಪೊರೆ ಬಂದಿತ್ತು, ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಅವರ ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. 'ದೊರಸಾನಿ ಏದಿರಾ?' ಎಂದು ಮಗನನ್ನು ಕೇಳಿದರು, ದೊರಸಾನಿ ಎಲ್ಲೋ ಎಂದು. ಅಣ್ಣ ತಲೆ ತಗ್ಗಿಸಿ 'ಈಮೇನಮ್ಮಾ' ಎಂದರು. ಇವರೇ ಅಮ್ಮ... ಟ್ಯಾಕ್ಸಿಯವನು ಖಾಲಿ ಕಾರಿನ ಬಾಗಿಲು ಹಾಕಿದ.

ಆಮೇಲೆ ಕೇಳಿಸಿದ ಮಾತುಗಳನ್ನು ಇಲ್ಲಿ ಬರೆಯಲು ನನಗೆ ನಾಚಿಕೆ. ನಮ್ಮಲ್ಲಿ ಬೆಳ್ಳಗಿರುವವರು ಎಷ್ಟು ಜನ? ಆದರೂ ಹದಿನೈದು ದಿನ ನಮ್ಮ ಬೀದಿಗೆ ಅವರ ಬಣ್ಣದ ಹೊರತು ಬೇರೆ ವಿಷಯವೇ ಇರಲಿಲ್ಲ. ಮಕ್ಕಳು ತಮಾಷೆಗೆ ದೊರಸಾನಿ, ದೊರಸಾನಿ ಎಂದು ಕೂಗಿ ಓಡುತ್ತಿದ್ದವು. ಅವರು ಅದನ್ನು ತಮ್ಮ ಹೆಸರೆಂದೇ ತಿಳಿದು ಕೈ ಬೀಸುತ್ತಿದ್ದರು. ಗೊತ್ತಿಲ್ಲದೆ ಬೀಸುತ್ತಿದ್ದಾರೆ ಎಂದು ನಾನು ಅಂದುಕೊಂಡಿದ್ದೆ. ಎಷ್ಟೋ ದಿನದ ಮೇಲೆ ಹೇಳಿದರು: ಲಂಡನ್ನಿನ ಬೀದಿಯಲ್ಲಿ ತನಗೂ ತನ್ನ ಗಂಡನಿಗೂ ಹುಡುಗರು ಒಂದೇ ಬೈಗುಳ ಕೂಗುತ್ತಿದ್ದರಂತೆ, ಕರಿಯರು ಎಂದು. 'ಅಲ್ಲಿ ನಾವಿಬ್ಬರೂ ಒಂದೇ ಬಣ್ಣ. ಇಲ್ಲಿಗೆ ಬಂದ ಮೇಲೇ ನಾನು ಅವನಿಗಿಂತ ಕಪ್ಪು ಅಂತ ಗೊತ್ತಾಗಿದ್ದು' ಎಂದು ನಕ್ಕರು.

ಮೂರು ತಿಂಗಳಿದ್ದು ಹೋಗುವುದೆಂದು ಬಂದವರು. ಬಂದ ಎರಡನೇ ತಿಂಗಳಿನಲ್ಲೇ ಅಜ್ಜಿಗೆ ಲಕ್ವ ಹೊಡೆಯಿತು. ಸೊಸೆ ಬಂದ ದಿನದಿಂದ ಅವರ ಕೈಯಲ್ಲಿ ನೀರು ಕೂಡ ಮುಟ್ಟದಿದ್ದ ಅಜ್ಜಿ ಹಾಸಿಗೆ ಹಿಡಿದರು. ದೊರಸಾನಮ್ಮ ಸೀರೆಯ ಹಾಗೆ ಒಂದು ಪಂಚೆ ಸುತ್ತಿಕೊಂಡು ಕೆಲಸಕ್ಕೆ ನಿಂತರು. ಹೊತ್ತುಹೊತ್ತಿಗೆ ಮಗ್ಗುಲು ಬದಲಾಯಿಸಿ, ಮೈ ಒರೆಸಿ, ತಲೆ ಬಾಚಿ, ಮುದ್ದೆಯನ್ನು ಸಾರಿನಲ್ಲಿ ತೆಳ್ಳಗೆ ಕಲಸಿ ಕುಡಿಸುತ್ತಿದ್ದರು. ಎರಡು ವರ್ಷದ ಮೇಲೆ ನಾಲ್ಕು ತಿಂಗಳು ಅಜ್ಜಿ ಹಾಸಿಗೆಯಲ್ಲಿದ್ದರು. ಬೆನ್ನಿನ ಮೇಲೆ ಒಂದು ಹುಣ್ಣೂ ಆಗಲಿಲ್ಲ. ಈಗ ಅಜ್ಜಿ ಬಾಯಿ ಸೊಟ್ಟಗಾಗಿ ತೊದಲುತ್ತ ದೊರಸಾನೀ ಎಂದು ಕರೆದರೆ ಅದರಲ್ಲಿ ಜಂಬವೂ ಇರುತ್ತಿರಲಿಲ್ಲ, ತಮಾಷೆಯೂ ಇರುತ್ತಿರಲಿಲ್ಲ. ನಾವೂ ಹಾಗೇ ಕರೆಯಲು ಕಲಿತೆವು.

ಕೆಂಪು ಕಾಯಿಯ ಕಥೆ ನಡೆದದ್ದು ಆಗಲೇ. ಅಣ್ಣ ಒಂದು ದಿನ ಜಮೀನಿನ ಬದುವಿನಲ್ಲಿದ್ದ ಗೋಂಗೂರದ ಗಿಡಗಳನ್ನು ಬುಡಸಮೇತ ಕಿತ್ತು ತಂದು ಅಂಗಳದಲ್ಲಿ ಹಾಕಿದ್ದರು. ದೊರಸಾನಮ್ಮ ಹೊರಗೆ ಬಂದವರು ಅದನ್ನು ನೋಡಿ ಹಾಗೇ ನೆಲಕ್ಕೆ ಕೂತು, ಕಾಯಿಗಳನ್ನು ಬೊಗಸೆಯಲ್ಲಿ ತುಂಬಿಕೊಂಡು, 'ಸಾರೆಲ್! ಸಾರೆಲ್!' ಎಂದು ಕೂಗಿದರು. ಒಳಗೆ ಮಲಗಿದ್ದ ಅಜ್ಜಿ ತಟ್ಟನೆ, 'ಒಲೇ ಮೇಲೈತೆ ನೋಡಮ್ಮ, ಬಡಿಸ್ಕೊ' ಎಂದರು. ಸೊಸೆ ಕನ್ನಡ ಕಲಿತು ಸಾರೆಲ್ಲಿ ಎಂದು ಕೇಳುತ್ತಿದ್ದಾಳೆ ಎಂದೇ ಅವರು ತಿಳಿದದ್ದು. ಆ ಗಿಡಕ್ಕೆ, ಲಂಡನ್ನಿಗೆ ಬರುವ ಮುಂಚೆ ಅವರು ಹುಟ್ಟಿ ಬೆಳೆದ ದ್ವೀಪದಲ್ಲಿ, ಸಾರೆಲ್ ಎನ್ನುತ್ತಾರಂತೆ. ಕ್ರಿಸ್‌ಮಸ್ಸಿಗೆ ಕಾಯಿಯ ಸಿಪ್ಪೆ ಬಿಡಿಸಿ, ಶುಂಠಿ ಲವಂಗ ಹಾಕಿ ಕುದಿಸಿ, ತಣ್ಣಗಾದ ಮೇಲೆ ಸಕ್ಕರೆ ಬೆರೆಸಿ ಮನೆಮನೆಗೆ ಹಂಚುವುದಂತೆ. ಆ ವರ್ಷದಿಂದ ನಮ್ಮ ಬೀದಿಗೂ ಬಂತು ಆ ಪಾನಕ. ನಾವದಕ್ಕೆ ಸಾರೆಲ್ಲಿ ಎಂದೇ ಹೆಸರಿಟ್ಟೆವು.

ಅವರು ನನ್ನನ್ನು ಅಮ್ಮಾಯಿ ಎನ್ನುತ್ತಿದ್ದರು, ಅಜ್ಜಿಯನ್ನು ನೋಡಿ ಕಲಿತದ್ದು. ಅಮ್ಮಾಯಿ ಎಂದರೆ ಹುಡುಗಿ. ನನಗಾಗಲೇ ಮೂವತ್ತೇಳು. ಅಜ್ಜಿ ಮಧ್ಯಾಹ್ನ ನಿದ್ದೆ ಹೋದಾಗ ನನ್ನ ಅಂಗಡಿಗೆ ಬಂದು ಕೂರುತ್ತಿದ್ದರು. ಒಂದು ದಿನ ಎದುರಿನ ಗೋಡೆಯ ಮೇಲಿದ್ದ ಬೋರ್ಡು ತೋರಿಸಿ, ಅದೇನು ಬರೆದಿದೆ ಎಂದರು. ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ ಎಂದು ಓದಿ ಹೇಳಿದೆ.

'ನಿನಗೆ ಕೊಡ್ತಾರಾ?'

'ಇಲ್ಲ.'

'ಮಾಂಸ ತಿನ್ನೋದು ಬಿಟ್ಟರೆ?'

'ಆಗಲೂ ಇಲ್ಲ ದೊರಸಾನಮ್ಮ.'

ಅವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮದುವೆಯಾದ ಹೊಸದರಲ್ಲಿ ಲಂಡನ್ನಿನಲ್ಲಿ ರೂಮು ಹುಡುಕಿ ಅಲೆದಿದ್ದರಂತೆ. ಕಿಟಕಿಗಳಲ್ಲಿ ಚೀಟಿ ಅಂಟಿಸಿರುತ್ತಿದ್ದರು, ಕರಿಯರಿಗೆ ಇಲ್ಲ ಎಂದು. ಚೀಟಿ ಇಲ್ಲದ ಮನೆಯ ಬಾಗಿಲು ತಟ್ಟಿದರೆ ಈಗ ತಾನೇ ಹೋಯಿತು ಎನ್ನುವರು. 'ನಿಮ್ಮವರು ಪರವಾಗಿಲ್ಲ, ತರಕಾರಿ ಹೆಸರಲ್ಲಿ ಹೇಳ್ತಾರೆ' ಎಂದರು. ನಾನೂ ನಕ್ಕೆ. ಆದರೆ ಆ ಬೋರ್ಡನ್ನು ಅಷ್ಟು ವರ್ಷ ದಿನಾ ನೋಡಿಯೂ ಒಂದು ದಿನವೂ ನಾನು ಅದನ್ನು ಓದಿರಲಿಲ್ಲವಲ್ಲ ಎಂದು ಮನಸ್ಸು ಕಹಿಯಾಯಿತು.

ಅವರಮ್ಮನ ವಿಷಯವನ್ನೂ ಅಲ್ಲೇ ಕೂತು ಹೇಳಿದ್ದು. ಇವರಿಗೆ ಮೂರು ವರ್ಷವಾಗಿದ್ದಾಗ ಇವರನ್ನು ದ್ವೀಪದಲ್ಲೇ ತಮ್ಮ ತಾಯಿಯ ಹತ್ತಿರ ಬಿಟ್ಟು ಅಮ್ಮ ಹಡಗು ಹತ್ತಿದ್ದರು. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಕೈಗಳಿಗೆ ಅಭಾವ. ಬಸ್ಸು ಓಡಿಸಲು, ರೋಗಿಗಳನ್ನು ನೋಡಿಕೊಳ್ಳಲು, ನೆಲ ಒರೆಸಲು ಜನ ಬೇಕಾಗಿ ಆ ದ್ವೀಪಗಳಿಂದ ಅವರೇ ಕರೆಸಿಕೊಂಡರು. ದ್ವೀಪ ಆಗ ಇಂಗ್ಲೆಂಡಿನದೇ ಆಳ್ವಿಕೆ, ಹಾಗಾಗಿ ಬೇರೆ ದೇಶಕ್ಕೆ ಹೋಗುತ್ತಿದ್ದೇವೆಂದು ಯಾರಿಗೂ ಅನ್ನಿಸಿರಲಿಲ್ಲ. ಅಮ್ಮ ಒಂದು ಆಸ್ಪತ್ರೆಯಲ್ಲಿ ನೆಲ ಒರೆಸಿ ಐದು ವರ್ಷಕ್ಕೆ ಮಗಳನ್ನು ಕರೆಸಿಕೊಂಡರು. ಎಂಟು ವರ್ಷದ ಹುಡುಗಿ ಚಿಕ್ಕಮ್ಮನ ಜೊತೆ ಹೊರಟಳು. ಸ್ವಂತ ಪಾಸ್‌ಪೋರ್ಟ್ ಇಲ್ಲ. ಚಿಕ್ಕಮ್ಮನ ಪಾಸ್‌ಪೋರ್ಟಿನಲ್ಲಿ ಇವಳ ಹೆಸರು ಒಂದು ಸಾಲು.

ಹಡಗಿನಿಂದ ಇಳಿದು ರೈಲು ಹತ್ತಿ ಲಂಡನ್ನಿನ ಸ್ಟೇಷನ್ನಿಗೆ ಬಂದಾಗ ಅಲ್ಲಿ ನೂರಾರು ಜನ, ಎಲ್ಲರದೂ ಒಂದೇ ಥರದ ಕಪ್ಪು ಕೋಟು. ಒಬ್ಬ ಹೆಂಗಸು ಓಡಿ ಬಂದು ತಬ್ಬಿಕೊಂಡಳು. ಹುಡುಗಿ ಬಿಡಿಸಿಕೊಂಡು ಚಿಕ್ಕಮ್ಮನ ಹಿಂದೆ ಅಡಗಿ, ಇವರು ಯಾರು ಎಂದು ಕೇಳಿದಳು. 'ನಮ್ಮಮ್ಮ ಬೆಳಿಗ್ಗೆಯಿಂದ ಆ ಚಳಿಯಲ್ಲಿ ಕಾದಿದ್ದಳು ಅಮ್ಮಾಯಿ. ನಾನು ಯಾರು ಅಂದುಬಿಟ್ಟೆ' ಎಂದು ಹೇಳುವಾಗ ಅರವತ್ತರ ಹತ್ತಿರದ ಆ ಹೆಂಗಸಿನ ದನಿ ಎಂಟು ವರ್ಷದವಳ ದನಿಯಾಗಿತ್ತು.

ಆ ಅಮ್ಮ ಇನ್ನೂ ಬದುಕಿದ್ದರು. ಲಂಡನ್ನಿನ ಒಂದು ವೃದ್ಧಾಶ್ರಮದಲ್ಲಿ, ಮರೆವಿನ ಕಾಯಿಲೆ. ಇವರ ತಮ್ಮ, ಅಲ್ಲೇ ಹುಟ್ಟಿ ಬೆಳೆದವನು, ವಾರಕ್ಕೊಮ್ಮೆ ನನ್ನ ಅಂಗಡಿಯ ಫೋನಿಗೆ ಕರೆ ಮಾಡುತ್ತಿದ್ದ. ಅಮ್ಮನಿಗೆ ಈಗ ಎಲ್ಲ ಮರೆತು ಒಂದೇ ನೆನಪು ಉಳಿದಿದೆ ಎಂದು ಅವನು ಹೇಳುತ್ತಿದ್ದ. ದಿನಾ ಬೆಳಿಗ್ಗೆ ಎದ್ದು ಕೋಟು ಕೇಳುವುದು, ಮಗಳ ರೈಲು ಬರುತ್ತೆ, ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಎನ್ನುವುದು. ದೊರಸಾನಮ್ಮ ರಿಸೀವರ್ ಇಟ್ಟು ನೇರ ಮನೆಗೆ ನಡೆಯುತ್ತಿದ್ದರು. ಹೊರಟುಬಿಡಿ ಎಂದು ಅಣ್ಣ ಎಷ್ಟೋ ಸಲ ಹೇಳಿದರು. ಅಷ್ಟರಲ್ಲಿ ಒಳಗಿಂದ ಅಜ್ಜಿ ದೊರಸಾನೀ ಎನ್ನುತ್ತಿದ್ದರು... ಅವರು ಎದ್ದು ಹೋಗುತ್ತಿದ್ದರು.

ಅಜ್ಜಿ ತೀರಿಕೊಂಡು ಹದಿಮೂರನೇ ದಿನ ಮುಗಿದ ಮೇಲೆ ದೊರಸಾನಮ್ಮ ಹೊರಟರು. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಅವರು ಕಲಿತ ಕನ್ನಡದಲ್ಲಿ 'ಹೋಗ್ತೀನಿ' ಎಂದಾಗ ನಮ್ಮಮ್ಮ ಗದರಿಕೊಂಡರು: 'ಹೋಗ್ತೀನಿ ಅನ್ಬಾರದು, ಬರ್ತೀನಿ ಅನ್ಬೇಕು.' ಹೋಗುವಾಗ ಬರ್ತೀನಿ ಎನ್ನುವ ನಮ್ಮ ಪದ್ಧತಿ ಅವರಿಗೆ ಬಲು ಇಷ್ಟವಾಯಿತು. ಒಬ್ಬೊಬ್ಬರ ಕೈಯನ್ನೂ ಹಿಡಿದು ಬರ್ತೀನಿ, ಬರ್ತೀನಿ ಎನ್ನುತ್ತ ಕಾರು ಹತ್ತಿದರು. ಮಾರನೆಯ ದಿನ ಮಧ್ಯಾಹ್ನ ಬೆಂಗಳೂರಿನ ಬಸ್ಸಿನಿಂದ ಅದೇ ಎರಡು ಸೂಟ್‌ಕೇಸು ಹಿಡಿದು ಇಳಿದರು. ವಿಮಾನ ಹತ್ತಲು ಬಿಡಲಿಲ್ಲ. ಬರ್ತೀನಿ ಅಂದಿದ್ದಕ್ಕೇ ಬಂದ್ಬಿಟ್ರಲ್ಲೇ ಎಂದು ಯಾರೋ ನಗಾಡಿದರು, ಅವರ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ನಮ್ಮಮ್ಮ ಮಾತ್ರ ಸಾಯುವ ತನಕ ಆ ಮಾತು ಹೇಳಿಸಿದ್ದಕ್ಕೆ ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ವಿಷಯ ಇಷ್ಟು. ಅವರ ದ್ವೀಪ ಎಷ್ಟೋ ವರ್ಷದ ಹಿಂದೆ ಸ್ವತಂತ್ರ ದೇಶವಾಗಿತ್ತು. ಇಲ್ಲಿಗೆ ಬರಲೆಂದು ಅವರು ಮೊಟ್ಟಮೊದಲ ಸಲ ಮಾಡಿಸಿಕೊಂಡ ಪಾಸ್‌ಪೋರ್ಟು ಆ ದೇಶದ್ದು. ಇಂಗ್ಲೆಂಡಿಗೆ ಹೋಗಬೇಕಾದರೆ ವೀಸಾ ಬೇಕು, ಎರಡು ವರ್ಷಕ್ಕಿಂತ ಹೆಚ್ಚು ಹೊರಗಿದ್ದವರು ಅಲ್ಲಿಯವರೇ ಎಂದು ರುಜುವಾತು ಮಾಡಬೇಕು. ಮೈಸೂರು ಸಂಸ್ಥಾನದಲ್ಲಿ ಹುಟ್ಟಿದ ಅಜ್ಜಿಗೆ ಕರ್ನಾಟಕಕ್ಕೆ ಬರಲು ಪರವಾನಗಿ ಇದೆಯೇ ಎಂದು ಕೇಳಿದ ಹಾಗಾಯಿತು. ಐವತ್ತು ವರ್ಷ ಅಲ್ಲೇ ಇದ್ದವರು, ಅಲ್ಲಿನವರ ಹೇಲು ಉಚ್ಚೆ ಬಾಚಿದವರು, 'ನಿನ್ನ ಕರಿ ಕೈ ತೆಗೆ' ಎಂದ ರೋಗಿಗಳಿಗೂ ಅದೇ ಕೈಯಿಂದ ಔಷಧಿ ಕುಡಿಸಿದವರು. ಆದರೆ ಅವರ ಹತ್ತಿರ ಇದ್ದದ್ದು ಎಂದೋ ಕಳೆದುಹೋದ ಚಿಕ್ಕಮ್ಮನ ಪಾಸ್‌ಪೋರ್ಟಿನ ಒಂದು ಸಾಲು.

ಚೆನ್ನೈನಲ್ಲಿದ್ದ ಇಂಗ್ಲೆಂಡಿನವರ ಕಚೇರಿಗೆ ಅರ್ಜಿ ಹಾಕುವುದೆಂದಾಯಿತು. ಯಾಕೆ ಇಷ್ಟು ದಿನ ಹೊರಗಿದ್ದಿರಿ, ಯಾಕೆ ವಾಪಸು ಹೋಗಬೇಕು ಎಂದು ಒಂದು ಪತ್ರ ಬೇಕು. ನನ್ನ ಅಂಗಡಿಯಲ್ಲಿ ಕೂತು ಅವರು ಹೇಳುತ್ತಾ ಹೋದರು, ನಾನು ಪೆನ್ಸಿಲಿನಲ್ಲಿ ಬರೆದುಕೊಂಡೆ. 'ಎಂಟು ವರ್ಷದವಳಿದ್ದಾಗ ನಾನು ಅಲ್ಲಿಗೆ ಬಂದೆ. ಅಲ್ಲೇ ದುಡಿದೆ. ಗಂಡನ ಬೂದಿ ತೆಗೆದುಕೊಂಡು ಇಲ್ಲಿಗೆ ಬಂದೆ. ಅವನ ತಾಯಿ ಕಾಯಿಲೆ ಬಿದ್ದರು, ನೋಡಿಕೊಂಡೆ, ಅವರು ತೀರಿಕೊಂಡರು. ನನ್ನ ಅಮ್ಮ ಸ್ಟೇಷನ್ನಿನಲ್ಲಿ ನನಗಾಗಿ ಕಾಯುತ್ತಿದ್ದಾಳೆ. ನಾನು ಮನೆಗೆ ಹೋಗಬೇಕು.' ಅಷ್ಟೇ. ಅವರು ಎದ್ದು ಹೋದರು, ಸಾಯಂಕಾಲ ಬಂದು ಸಹಿ ಮಾಡುತ್ತೇನೆಂದು.

ನಾನು ಆ ಹೊತ್ತಿಗೆ ಹದಿನೈದು ವರ್ಷದಿಂದ ತಹಶೀಲ್ದಾರರಿಗೆ ಅರ್ಜಿ ಟೈಪು ಮಾಡುತ್ತಿದ್ದವಳು. ಅರ್ಜಿಯೆಂದರೆ ಹೀಗಿರುವುದಿಲ್ಲವಲ್ಲ! ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮಲ್ಲಿ ವಿನಮ್ರವಾಗಿ... ಇವ್ಯಾವುದೂ ಇಲ್ಲ. ಅದಕ್ಕಿಂತ ಹೆಚ್ಚಾಗಿ ಆ ಸ್ಟೇಷನ್ನಿನ ಸಾಲು. ನಮ್ಮ ಮುಳಬಾಗಿಲಿಗೆ ರೈಲಿಲ್ಲ. ಸ್ಟೇಷನ್ ಎಂದರೆ ನಮಗೆ ಪೊಲೀಸ್ ಸ್ಟೇಷನ್ನೇ. ಸಾಹೇಬರು ಓದಿ, ಇವರ ತಾಯಿ ಯಾವುದೋ ಕೇಸಿನಲ್ಲಿ ಸಿಕ್ಕಿದ್ದಾರೆ ಎಂದುಕೊಂಡರೆ? ರೈಲ್ವೆ ಸ್ಟೇಷನ್ ಎಂದು ಬಿಡಿಸಿ ಬರೆದರೆ ಎಂಬತ್ತರ ಮುದುಕಿ ರೈಲ್ವೆ ಸ್ಟೇಷನ್ನಿನಲ್ಲಿ ಯಾಕೆ ಕೂತಿದ್ದಾಳೆ, ಇವರಿಗೆ ತಲೆ ನೆಟ್ಟಗಿದೆಯೇ ಎಂದಾರು. ಆ ಸಾಲನ್ನು ತೆಗೆದೆ. ಆ ಜಾಗದಲ್ಲಿ ನನ್ನ ಅತ್ಯುತ್ತಮ ಇಂಗ್ಲಿಷಿನಲ್ಲಿ ಇನ್ನೊಂದು ಸಾಲು ಹಾಕಿದೆ: ಗಂಡನ ಮರಣಾನಂತರ ನಾನು ಅವರ ಸ್ವಂತ ಊರಾದ ಮುಳಬಾಗಿಲಿನಲ್ಲಿ, ಅವರ ಕುಟುಂಬದವರ ಜೊತೆ, ಗೌರವಯುತವಾಗಿ ಸೆಟ್ಲ್ ಆಗಿರುತ್ತೇನೆ.

ಇವರು ದಿಕ್ಕಿಲ್ಲದವರಲ್ಲ, ಸರ್ಕಾರಕ್ಕೆ ಹೊರೆಯಾಗುವವರಲ್ಲ, ನಾಲ್ಕು ಜನರ ನಡುವೆ ಮರ್ಯಾದೆಯಿಂದ ಬದುಕುತ್ತಿರುವವರು ಎಂದು ತೋರಿಸುವುದು ನನ್ನ ಉದ್ದೇಶ. ಸೆಟ್ಲ್ ಎನ್ನುವುದು ನಮ್ಮ ಬಾಯಲ್ಲಿ ಎಷ್ಟು ಒಳ್ಳೆಯ ಮಾತು! ಮಗ ಸೆಟ್ಲ್ ಆದ, ಮಗಳು ಸೆಟ್ಲ್ ಆದಳು ಎಂದರೆ ತಾಯಿತಂದೆಯ ಮುಖ ಅರಳುತ್ತದೆ. ಸಾಯಂಕಾಲ ಅವರು ಬಂದರು. ಓದಿ ನೋಡಿ ಎಂದೆ. 'ನೀನು ಬರೆದ ಮೇಲೆ ಓದೋದೇನು ಅಮ್ಮಾಯಿ' ಎಂದು ಸಹಿ ಹಾಕಿದರು. ನಾನು ಬಲವಂತ ಮಾಡಲಿಲ್ಲ. ಆ ಸಾಲಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

ನಾಲ್ಕು ತಿಂಗಳಿಗೆ ಉತ್ತರ ಬಂತು. ಅಂಗಡಿಯಲ್ಲಿ ಪಹಣಿ ಅರ್ಜಿಗೆ ಬಂದ ರೈತರು ಸಾಲಾಗಿ ನಿಂತಿದ್ದರು. ದೊರಸಾನಮ್ಮ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಒಂದು ಕಡೆ ಬೆರಳಿಟ್ಟು ನನಗೆ ತೋರಿಸಿದರು. ತಾವು ಭಾರತದಲ್ಲಿ ಸೆಟ್ಲ್ ಆಗಿರುವುದಾಗಿ ಅರ್ಜಿದಾರರೇ ತಿಳಿಸಿರುವುದರಿಂದ... ನಂತರ ಗೊತ್ತಾಯಿತು, ಆ ದೇಶದ ಕಾನೂನಿನಲ್ಲಿ ಎಲ್ಲವೂ ನಿಂತಿರುವುದು ಆ ಒಂದು ಪದದ ಮೇಲೆಯೇ. ಅಲ್ಲಿ ಸೆಟ್ಲ್ ಆದವರಿಗೆ ಅಲ್ಲಿರುವ ಹಕ್ಕು. ಇಲ್ಲಿ ಸೆಟ್ಲ್ ಆದೆ ಎಂದರೆ ಅಲ್ಲಿಯದನ್ನು ಬಿಟ್ಟುಕೊಟ್ಟೆ ಎಂದು ಬರೆದುಕೊಟ್ಟ ಹಾಗೆ.

ಅವರು ನಿಧಾನವಾಗಿ ಕೇಳಿದರು, 'ಅಮ್ಮಾಯಿ, ಇದು ನಾನು ಹೇಳಿದ್ದಾ?'

ಆ ರೈತರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಅವರಿಗೆ ನಮ್ಮ ಇಂಗ್ಲಿಷ್ ಅರ್ಥವೂ ಆಗುತ್ತಿರಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು ಒಂದೇ ಮಾತು: 'ಹೌದು ದೊರಸಾನಮ್ಮ, ನೀವೇ ಹೇಳಿದ್ರಿ.'

ಅವರು ತಲೆಯಾಡಿಸಿದರು. 'ಹೇಳಿರಬೇಕು' ಎಂದರು. 'ಇಲ್ಲಿ ಎಲ್ಲರೂ ನನ್ನನ್ನು ಚೆನ್ನಾಗಿ ನೋಡ್ಕೊಂಡ್ರಲ್ಲ, ಆ ಖುಷಿಯಲ್ಲಿ ಬಾಯಿಗೆ ಬಂದಿರಬೇಕು.' ಪತ್ರವನ್ನು ಮಡಚಿ ಕವರಿಗೆ ಹಾಕಿ, ರೈತರಿಗೆ ದಾರಿ ಬಿಟ್ಟುಕೊಟ್ಟು ಹೊರಟುಹೋದರು.

ಇನ್ನೊಂದು ಪತ್ರ ಬರೆದೆವು. ಈ ಸಲ ಅವರು ಹೇಳಿದ್ದನ್ನು ಹೇಳಿದ ಹಾಗೇ, ಸ್ಟೇಷನ್ ಸಮೇತ ಟೈಪು ಮಾಡಿದೆ. ನೀವು ಈ ಹಿಂದೆಯೇ ತಿಳಿಸಿರುವಂತೆ ಎಂದು ಎರಡೇ ಸಾಲಿನ ಉತ್ತರ ಬಂತು. ಮತ್ತೊಂದು ಬರೆಯುವಷ್ಟರಲ್ಲಿ ಅವರ ತಮ್ಮನ ಫೋನು ಬಂತು. ಮಾಮೂಲಿನ ದಿನವಲ್ಲದ ದಿನ ಬಂತೆಂದೇ ನನಗೆ ಗೊತ್ತಾಗಿಹೋಯಿತು. ಕೊನೆಯ ಕೆಲವು ದಿನ ಅವರಮ್ಮ ಕೋಟು ಬಿಚ್ಚಲು ಬಿಡಲೇ ಇಲ್ಲವಂತೆ, ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತಿದ್ದರಂತೆ. ದೊರಸಾನಮ್ಮ ಅಳಲಿಲ್ಲ. 'ಎರಡು ಸಲ ಕಾಯಿಸಿದೆ ಅಮ್ಮಾಯಿ, ಎರಡು ಸಲವೂ ನನ್ನ ಬಾಯೇ ಕೆಡಿಸಿತು' ಎಂದರು. ಒಮ್ಮೆ ಯಾರು ಎಂದು ಕೇಳಿ, ಇನ್ನೊಮ್ಮೆ ಸೆಟ್ಲ್ ಆದೆ ಎಂದು ಹೇಳಿ... ಆಗಲಾದರೂ ನಾನು ಹೇಳಬಹುದಿತ್ತು. ಹೇಳಿದರೆ ಅವರು ನನ್ನ ಅಂಗಡಿಗೆ ಬಂದು ಕೂರುವುದಿಲ್ಲವೇನೋ ಎಂದು ಹೆದರಿದೆ. ಅಷ್ಟೊಂದು ಇಷ್ಟಪಟ್ಟಿದ್ದೆ ಅವರನ್ನು. ಇಷ್ಟಪಟ್ಟವರಿಗೆ ಮಾಡುವ ಕೆಲಸವೇ ಇದು?

ಆಮೇಲೆ ಅವರು ವಾಪಸು ಹೋಗುವ ಮಾತೇ ಎತ್ತಲಿಲ್ಲ. ಮೂರು ವರ್ಷ ಇದ್ದರು. ಪೊಲೀಸ್ ಸ್ಟೇಷನ್ನಿಗೆ ಹೋಗಿ ತಮ್ಮ ಕಾಗದ ನವೀಕರಿಸಿಕೊಂಡು ಬರುವರು, ಭಾನುವಾರ ಚರ್ಚಿಗೆ ಹೋಗುವರು, ಬೀದಿಯಲ್ಲಿ ಯಾರಿಗೆ ಗಾಯವಾದರೂ ಪಟ್ಟಿ ಕಟ್ಟುವರು. ಹೊಸಬರು ಯಾರಾದರೂ ಯಾವೂರಮ್ಮ ನಿಮ್ದು ಎಂದು ಕೇಳಿದರೆ, ಮೊದಲೆಲ್ಲ ಲಂಡನ್ ಎನ್ನುತ್ತಿದ್ದವರು ಈಗ ಸುಮ್ಮನೆ ನಗುತ್ತಿದ್ದರು. ಒಂದು ಡಿಸೆಂಬರಿನ ಬೆಳಿಗ್ಗೆ ಅಣ್ಣ ಕಾಫಿ ಕೊಡಲು ಹೋದಾಗ ಅವರು ಏಳಲಿಲ್ಲ. ಮಾಳಿಗೆಯ ಮೇಲೆ ಚಾಪೆಯಲ್ಲಿ ಕೆಂಪು ಸಿಪ್ಪೆ ಒಣಗಲು ಹಾಕಿದ್ದರು. ಎಂಟು ಹತ್ತು ದಿನ ಅದನ್ನು ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಕಲ್ಲು ಹಾಕಿಸುವಾಗ ಅಣ್ಣ ನನ್ನ ಹತ್ತಿರ ಬಂದು, ಏನು ಬರೆಸೋದಮ್ಮ, ನೀನೇ ಚೆನ್ನಾಗಿ ಬರ್ಕೊಡು ಎಂದರು. ಹೆಸರಿನ ಕೆಳಗೆ, ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ ಹಳೆಯ ಹಾಳೆ ಹುಡುಕಿ, ಅದರಲ್ಲಿದ್ದ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಇದ್ದದ್ದು ಇದ್ದ ಹಾಗೇ ಬರೆದುಕೊಟ್ಟೆ. ಕಲ್ಲು ಕೆತ್ತುವವನು ಅಷ್ಟಿಷ್ಟು ಓದಿದವನು. 'ಸ್ಟೇಷನ್ ಅಂದ್ರೆ ಯಾವ ಸ್ಟೇಷನ್ನಮ್ಮ, ಪೊಲೀಸ್ ಸ್ಟೇಷನ್ನಾ?' ಎಂದ. ಇರೋ ಹಾಗೇ ಕೆತ್ತಪ್ಪ, ಒಂದಕ್ಷರ ಆಚೀಚೆ ಮಾಡಬೇಡ ಎಂದೆ.

ಅದಾದ ಕೆಲವು ವರ್ಷದ ಮೇಲೆ ಟೀವಿಯಲ್ಲಿ ಸುದ್ದಿ ಬಂತು. ವಿಂಡ್‌ರಷ್ ಎಂಬ ಹಡಗಿನ ಹೆಸರಿನಿಂದ ಆ ತಲೆಮಾರಿನವರನ್ನು ಕರೆಯುತ್ತಾರಂತೆ. ಮಕ್ಕಳಾಗಿ ಬಂದು ಅಲ್ಲೇ ಮುದುಕರಾದವರನ್ನು ಕಾಗದವಿಲ್ಲವೆಂದು ಕೆಲಸದಿಂದ ತೆಗೆದಿದ್ದರು, ಆಸ್ಪತ್ರೆಗೆ ಸೇರಿಸಿಕೊಂಡಿರಲಿಲ್ಲ, ಹೊರಗೆ ಹೋದವರನ್ನು ಒಳಗೆ ಬಿಟ್ಟಿರಲಿಲ್ಲ. ಅವರಿಗೆಲ್ಲ ಮೊದಲಿಂದಲೂ ಹಕ್ಕಿತ್ತು, ತಪ್ಪಾಯಿತು ಎಂದು ಅಲ್ಲಿನ ಸರ್ಕಾರ ಕ್ಷಮೆ ಕೇಳಿತು. ನಾನು ಅನ್ನದ ತಟ್ಟೆ ಮುಂದಿಟ್ಟುಕೊಂಡು ಹಾಗೇ ಕೂತಿದ್ದೆ. ಸೆಟ್ಲ್ ಎಂದು ಯಾರೂ ಬರೆದುಕೊಡದಿದ್ದವರನ್ನೂ ಹಿಂದಕ್ಕೆ ಕಳಿಸಿದ್ದರು ಎಂದಾಯಿತು. ನನ್ನ ಸಾಲಿಲ್ಲದಿದ್ದರೂ ಇಲ್ಲ ಎನ್ನುತ್ತಿದ್ದರೋ ಏನೋ. ಒಂದು ಗಳಿಗೆ ಎದೆ ಹಗುರಾಯಿತು. ಒಂದೇ ಗಳಿಗೆ. ಬಾಗಿಲು ಮುಚ್ಚಿದ್ದು ಅವರಿರಬಹುದು. ಆದರೆ ತನ್ನ ಬಾಯಿಂದಲೇ ಕೆಟ್ಟಿತೆಂದು ನಂಬಿಕೊಂಡು ಆ ಹೆಂಗಸು ಸತ್ತರಲ್ಲ, ಅದನ್ನು ಯಾವ ಸರ್ಕಾರವೂ ಮಾಡಿದ್ದಲ್ಲ. ಅದು ನಾನು ಮಾಡಿದ್ದು.

ಈಗಲೂ ಅದೇ ಅಂಗಡಿ, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿದೆ. ಯಾರ ಅರ್ಜಿಯನ್ನೂ ಓದಿ ಹೇಳದೆ ಸಹಿ ಹಾಕಿಸುವುದಿಲ್ಲ. 'ನಾ ಹೇಳಿದ್ದೇ ತಾನೇ ಬರ್ದಿರೋದು, ಬೇಗ ಕೊಡಮ್ಮ, ಬಸ್ಸಿಗೆ ಹೊತ್ತಾಯ್ತು' ಎಂದು ಜನ ಬೈಯುತ್ತಾರೆ. ಬೈಯಲಿ.

ಕೋಲಾರದ ಆ ಅಂಗಡಿಯಿಂದ ಒಂದು ಪೊಟ್ಟಣ ತಂದೆ. ಶುಂಠಿ, ಲವಂಗ ಹಾಕಿ ಕುದಿಸಿದೆ. ಅವರು ಮಾಡಿದ ಹಾಗೆ ಬರಲಿಲ್ಲ, ಬಣ್ಣವೊಂದು ಬಂತು. ಮಾರನೆಯ ದಿನ ಬೆಳಿಗ್ಗೆ ಅದನ್ನು ಫ್ಲಾಸ್ಕಿಗೆ ಹಾಕಿಕೊಂಡು ಊರಾಚೆಯ ಸಮಾಧಿಗೆ ಹೋದೆ. ಹುಲ್ಲು ಬೆಳೆದಿತ್ತು, ಕಿತ್ತೆ. ಕಲ್ಲಿನ ಮೇಲೆ ಕೂತಿದ್ದ ಧೂಳನ್ನು ಸೆರಗಿನಿಂದ ಒರೆಸಿ ಜೋರಾಗಿ ಓದಿದೆ. ನನ್ನ ಅಮ್ಮ ಸ್ಟೇಷನ್ನಿನಲ್ಲಿ ನನಗಾಗಿ ಕಾಯುತ್ತಿದ್ದಾಳೆ. ಇದು ನಾನು ಹೇಳಿದ್ದಾ ಎಂದು ಅವರು ಬದುಕಿದ್ದಾಗ ಕೇಳಿದ ಪ್ರಶ್ನೆಗೆ ಉತ್ತರ ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

'ಇದು ನೀವು ಹೇಳಿದ್ದು ದೊರಸಾನಮ್ಮ' ಎಂದೆ. 'ಅದು ನಾನು ಬರೆದಿದ್ದು.'